ಕುದಿಸದ ಎರಡು ಲೀಟರು ನೀರು

ನಮ್ಮ ಅಡುಗೆಮನೆಯ ಎರಡನೆಯ ಡ್ರಾಯರಿನಲ್ಲಿ, ಸೌಟು, ಚಮಚ, ಯಾವತ್ತೋ ಕೆಟ್ಟುಹೋದ ಗ್ಯಾಸ್ ಲೈಟರುಗಳ ನಡುವೆ, ಪೆನ್ನಿನ ಹಾಗೆ ಕಾಣುವ ಒಂದು ಹಳದಿ ಸಾಧನ ಬಿದ್ದುಕೊಂಡಿದೆ. ಮುಚ್ಚಳ ತೆಗೆದು ನೀರಿಗೆ ಅದ್ದಿದರೆ ಸಾಕು, ಆ ನೀರಿನಲ್ಲಿ ಲವಣ ಎಷ್ಟು ಕರಗಿದೆಯೆಂದು ಒಂದು ಅಂಕಿ ಮೂಡುತ್ತದೆ. ಮೊನ್ನೆ ಡ್ರಾಯರ್ ಒರೆಸುತ್ತಿದ್ದ ನನ್ನ ಹೆಂಡತಿ ಲವೀನಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು:

“ಇದನ್ನು ಬಿಸಾಡಲಾ?”

“ಇರಲಿ.”

“ಇಟ್ಟುಕೊಂಡು ಯಾರ ಜ್ವರ ನೋಡಲಿಕ್ಕುಂಟು?”

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಂದು ಕಾಲದಲ್ಲಿ ನಾನು ಆ ಪೆನ್ನನ್ನು ಅದ್ದದ ದ್ರವ ಈ ಮನೆಯಲ್ಲಿ ಉಳಿದಿರಲಿಲ್ಲ. ಚಹಾ, ಸಾರು, ಎ.ಸಿ.ಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರು, ಇಗರ್ಜಿಯಿಂದ ಆಶೀರ್ವಾದ ಮಾಡಿಸಿ ತಂದಿಟ್ಟ ಬಾಟಲಿಯ ನೀರು. ಈ ಕೊನೆಯದಕ್ಕೆ ಲವೀನಾ ಎರಡು ದಿನ ಮಾತು ಬಿಟ್ಟಳು. ಅಂಕಿ ನಲ್ಲಿ ನೀರಿನಷ್ಟೇ ಬಂದಿತ್ತು ಎಂಬುದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಅಥವಾ ಹೇಳಿದೆನೋ? ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಅದಕ್ಕಾಗಿಯೇ ಇಪ್ಪತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಆದರೆ ಡೈರಿಯಲ್ಲಿ ನಾನು ಬರೆಯುವುದು ಏನು, ಬಿಡುವುದು ಏನು ಎಂಬುದು ಬೇರೆಯೇ ಮಾತು. ಆ ಮಾತಿಗೇ ಬರುತ್ತಿದ್ದೇನೆ, ಸ್ವಲ್ಪ ಸುತ್ತು ಹಾಕಿಕೊಂಡು.

ಮಸ್ಕತ್ತಿನ ನಲ್ಲಿಯಲ್ಲಿ ಬರುವುದು ಸಮುದ್ರದ ನೀರು. ಅದರ ಉಪ್ಪನ್ನೆಲ್ಲ ತೆಗೆದು, ಕುಡಿಯಲು ಬೇಕಾದಷ್ಟು ಖನಿಜವನ್ನು ಮತ್ತೆ ಬೆರೆಸಿ, ಕ್ಲೋರಿನ್ ಹಾಕಿ ಕಳಿಸುತ್ತಾರೆ. ರೂವಿಯಲ್ಲಿ ನಮ್ಮ ಕಟ್ಟಡದ ತಾರಸಿಯ ಮೇಲಿನ ಟ್ಯಾಂಕಿಯಲ್ಲಿ ಆ ನೀರು ಕೂತು ಬೇಯುತ್ತದೆ. ಮೇ ತಿಂಗಳು ಬಂತೆಂದರೆ ಇಲ್ಲಿ ಎಲ್ಲರೂ ಮಾಡುವ ಒಂದು ಉಪಾಯ ಉಂಟು: ಗೀಸರಿನ ಸ್ವಿಚ್ ಆರಿಸಿಬಿಡುವುದು. ಮನೆಯೊಳಗಿನ ಗೀಸರಿನಲ್ಲಿ ನಿಂತ ನೀರು ಎ.ಸಿ.ಯ ತಂಪಿಗೆ ತಣ್ಣಗಾಗುತ್ತದೆ. ಆಗ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಕೈ ಸುಡುವ ನೀರು. ಊರಿಂದ ಬಂದ ನೆಂಟರು ಮೊದಲ ದಿನ ಸ್ನಾನದ ಮನೆಯಿಂದ ಕೂಗಿಕೊಂಡೇ ಹೊರಬರುತ್ತಾರೆ. ನಮಗೆ ಮಾತ್ರ ಅದು ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ ರಜೆಯಲ್ಲಿ ಮಂಗಳೂರಿಗೆ ಹೋದಾಗ ತಣ್ಣೀರಿಗೆಂದು ಕೆಂಪು ನಲ್ಲಿ ತಿರುಗಿಸಿ ನಾವೇ ಕೂಗಿಕೊಳ್ಳುತ್ತೇವೆ. ಈ ಗೀಸರನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಳ್ಳಲಿಲ್ಲ.

ನೀರಿನ ಹುಚ್ಚು ನನಗೆ ಚಿಕ್ಕಂದಿನಿಂದ ಇತ್ತು ಎಂದು ಬರೆಯಲು ಕೈ ತುರಿಸುತ್ತದೆ. ಉಳ್ಳಾಲದ ನಮ್ಮ ಮನೆಯ ಬಾವಿ ಏಪ್ರಿಲ್ ಕಳೆದರೆ ಉಪ್ಪಾಗುತ್ತಿತ್ತು. ಬೇಳೆ ಬೇಯುತ್ತಿರಲಿಲ್ಲ, ಸಾಬೂನಿಗೆ ನೊರೆ ಬರುತ್ತಿರಲಿಲ್ಲ, ಚಹಾದ ಮೇಲೆ ಎಣ್ಣೆಯಂಥ ಒಂದು ಪೊರೆ ನಿಲ್ಲುತ್ತಿತ್ತು. ಅಮ್ಮ ಎರಡು ಬೆರಳಲ್ಲಿ ನೀರು ಮುಟ್ಟಿ ನಾಲಗೆಗೆ ತಾಗಿಸಿ “ಇವತ್ತು ಬೇಳೆ ಬೇಡ” ಎಂದು ತೀರ್ಪು ಕೊಡುತ್ತಿದ್ದರು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಬೆರಳುಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಒಂದು ಸಲ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕುಬಿಟ್ಟಳು. “ನಮ್ಮ ಬಾವಿ ಯಾವತ್ತು ಉಪ್ಪಾಗಿತ್ತು ಮಾರಾಯ? ಅದು ದೊಡ್ಡಮ್ಮನ ಮನೆಯ ಬಾವಿ. ನೀರು ರುಚಿ ನೋಡ್ತಿದ್ದದ್ದು ದೊಡ್ಡಮ್ಮ.” ಹಾಗಾದರೆ ನಾನು ನೋಡಿದ ಬೆರಳು ಯಾರದು? ಅಕ್ಕನಿಗೂ ನೆನಪು ತಪ್ಪಿರಬಹುದು. ಆದರೆ ನಮ್ಮಿಬ್ಬರಲ್ಲಿ ಯಾರದು ತಪ್ಪೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಇರಲಿ. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವನು. ಮಾಡಿ, ಹತ್ತೊಂಬತ್ತು ವರ್ಷದಿಂದ ಒಂದು ವಿಮಾ ಕಚೇರಿಯಲ್ಲಿ ಗುದ್ದಿಸಿಕೊಂಡ ಕಾರುಗಳ ಫೈಲು ನೋಡುತ್ತಿರುವವನು. ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದೆಂದರೆ ಬ್ಯಾಟರಿಯ ಆ್ಯಸಿಡ್ ಸೋರಿದ ಒಂದೆರಡು ಕ್ಲೇಮುಗಳು ಮಾತ್ರ. ಹೀಗಿರುವವನ ಕಣ್ಣಿಗೆ ಒಂದು ದಿನ ಅಂತರ್ಜಾಲದಲ್ಲಿ ಮನೆಯಲ್ಲಿ ಬಿಯರ್ ಮಾಡುವವರಿಗಾಗಿ ಬರೆದ ಒಂದು ಬರಹ ಬಿತ್ತು. ಬರಹವೆಲ್ಲ ನೀರಿನ ಕುರಿತೇ. ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಕಹಿ ಚುರುಕಾಗಿ ನಾಲಗೆಗೆ ತಾಗುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಧಾನ್ಯದ ಸಿಹಿ ತುಂಬಿಕೊಂಡು ಬರುತ್ತದೆ, ಸುಣ್ಣದ ಅಂಶ ತೀರ ಕಡಿಮೆಯಾದರೆ ಎಲ್ಲವೂ ಸಪ್ಪೆ. ಎಷ್ಟು ಜಿಪ್ಸಮ್, ಎಷ್ಟು ಕ್ಯಾಲ್ಸಿಯಂ ಕ್ಲೋರೈಡ್, ಗ್ರಾಮಿನ ಲೆಕ್ಕದಲ್ಲಿ. ಓದುತ್ತಾ ಹೋದಂತೆ ಕಾಲೇಜಿನ ಲ್ಯಾಬಿನ ಮರದ ಮೇಜಿನ ವಾಸನೆ ಬಂದಂತಾಯಿತು. ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಆದರೆ ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ನನ್ನಂಥವರು ಪರವಾನಗಿ ಪಡೆದು ಅಂಗಡಿಯಿಂದ ತಂದುಕೊಳ್ಳಬಹುದು, ಅಷ್ಟೇ. ವೀಸಾದ ಮೇಲೆ ಬದುಕುವವರಿಗೆ ಸಾಹಸದ ಮಿತಿ ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ನಾನೊಂದು ದಾರಿ ಕಂಡುಕೊಂಡೆ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ಜಜ್ಜಿ, ಹದವಾದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಕುದಿಸುವುದು. ಕಹಿಗೆ ಬೇಕಾದ ಹೂವು ಇಲ್ಲಿ ಸಿಗದು. ಬದಲಿಗೆ ಒಮಾನಿನವರು ಸಾರಿಗೆ ಹಾಕುವ ಒಣಗಿಸಿದ ಕಪ್ಪು ನಿಂಬೆ. ಕುದಿಸಿ ಆರಿಸಿದ ಮೇಲೆ ಯೀಸ್ಟ್ ಹಾಕಬೇಕು. ನಾನು ಹಾಕುವುದಿಲ್ಲ. ಅಲ್ಲಿಗೇ ನಿಲ್ಲಿಸುತ್ತೇನೆ. ಬಿಯರಿನ ಹೊಸಿಲಿನ ತನಕ ಹೋಗಿ ಒಳಗೆ ಕಾಲಿಡದೆ ವಾಪಸು ಬರುವುದು. ಕಾನೂನೂ ಸುಖ, ಕೆಮಿಸ್ಟ್ರಿಯೂ ಸುಖ.

ಬಾರ್ಲಿಗಾಗಿ ನಾನು ಹೋದದ್ದು ಮತ್ರಾದ ಹಮೀದ್ ಬ್ಯಾರಿಯವರ ಅಂಗಡಿಗೆ. ಬಂಟ್ವಾಳ ಕಡೆಯವರು. ಸೂಕ್ ಎನ್ನುವ ಹಳೆಯ ಪೇಟೆಯ ಒಳಗಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಕೆಳಗೆ ದಿನಸಿ ಅಂಗಡಿ, ಮೇಲೆ ಮನೆ. ಅವರ ಪರಿಚಯ ನಾನು ಇಲ್ಲಿಗೆ ಬಂದ ಮೊದಲ ವರ್ಷದ್ದು. ನನ್ನನ್ನು ಅವರು ನಮ್ಮ ಕಡೆ ಕ್ರಿಸ್ತರನ್ನು ಕರೆಯುವ ಹಾಗೆ ‘ಪೊರ್ಬುಲೇ’ ಎನ್ನುತ್ತಾರೆ, ನಾನು ಅವರನ್ನು ‘ಬ್ಯಾರಿಲೇ’ ಎನ್ನುತ್ತೇನೆ. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಎಂತಕ್ಕೆ ಪೊರ್ಬುಲೇ ಐದು ಕಿಲೋ ಬಾರ್ಲಿ? ಮನೆಯಲ್ಲಿ ಎಲ್ಲರಿಗೂ ಉರಿಮೂತ್ರವಾ?”

“ಬಿಯರ್ ಮಾಡಲಿಕ್ಕೆ” ಎಂದೆ, ಸುಮ್ಮನೆ ಅವರ ಮುಖ ನೋಡುವ ಆಸೆಗೆ.

ಚೀಲದೊಳಗೆ ಹೋಗಿದ್ದ ಅವರ ಕೈ ಅಲ್ಲೇ ನಿಂತಿತು. ನಾನು ಯೀಸ್ಟಿನ ಕಥೆಯನ್ನೂ ಹೊಸಿಲಿನ ಕಥೆಯನ್ನೂ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ ಚೀಲದಿಂದ ಕೈ ಹೊರತೆಗೆದರು.

“ಅಂದ್ರೆ ಮಾತುಕತೆ ಆಗಿ, ಮದುವೆಯ ಬಟ್ಟೆ ತೆಗೆದು, ಬಿರಿಯಾನಿಯೂ ಬೇಯಿಸಿ, ನಿಕಾಹ್ ಮಾತ್ರ ಮಾಡದ ಹಾಗೆ.”

“ಹೆಚ್ಚುಕಡಿಮೆ ಹಾಗೇ.”

“ಹಾಗಾದ್ರೆ ನನಗೂ ಒಂದು ಗ್ಲಾಸ್ ತನ್ನಿ. ನಮ್ಮ ಬಾರ್ಲಿ ಎಂತ ಆಗ್ತದೆ ನೋಡುವ.”

ಮೊದಲ ಸಲದ್ದನ್ನು ಅವರು ಅಂಗಡಿಯ ಗಲ್ಲಾದ ಹಿಂದೆ ನಿಂತು ಕುಡಿದರು. ಕುಡಿಯುವ ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: “ಏನಿಲ್ಲ ತಾನೆ?” ನಾನು “ಏನಿಲ್ಲ” ಎಂದೆ. ಬಿಸ್ಮಿಲ್ಲಾ ಎಂದು ಒಂದು ಗುಟುಕು ನುಂಗಿದರು. ಮುಖ ಸಣ್ಣದಾಯಿತು.

“ಇದರಲ್ಲಿ ಆಸ್ಪತ್ರೆ ಉಂಟು ಪೊರ್ಬುಲೇ.”

ನಿಜವೇ. ಗಾಯಕ್ಕೆ ಕಟ್ಟುವ ಬ್ಯಾಂಡೇಜಿನ ವಾಸನೆ. ನಲ್ಲಿಯ ಕ್ಲೋರಿನ್ ಧಾನ್ಯದ ಜೊತೆ ಸೇರಿ ಮಾಡುವ ಕೆಲಸ ಅದು. ಅಲ್ಲಿಂದ ನನಗೆ ನಿಲ್ಲಲಿಕ್ಕಿಲ್ಲ, ಕೂರಲಿಕ್ಕಿಲ್ಲ. ರಾತ್ರಿಯಿಡೀ ನೀರನ್ನು ತೆರೆದಿಟ್ಟೆ, ಪೂರ್ತಿ ಹೋಗಲಿಲ್ಲ. ವಿಟಮಿನ್ ಸಿ ಹಾಕಿದರೆ ಕ್ಲೋರಿನ್ ಕ್ಷಣದಲ್ಲಿ ಹೋಗುತ್ತದೆ ಎಂದು ಓದಿ ಲವೀನಾಳ ಮಾತ್ರೆ ಕರಗಿಸಿದೆ. ಅದು ಕಿತ್ತಳೆ ಬಣ್ಣದ್ದು, ಬುರುಬುರು ಎಂದು ಉಕ್ಕುವ ಜಾತಿಯದ್ದು. ಆ ಸಲದ್ದನ್ನು ಬ್ಯಾರಿಯವರು “ಆಸ್ಪತ್ರೆಗೆ ಕಿತ್ತಳೆ ಹಣ್ಣು ತಂದ ಹಾಗೆ ಆಗಿದೆ” ಎಂದರು. ಆಮೇಲೆ ಬಿಳಿ ಮಾತ್ರೆ ತಂದೆ. ಹೊಟ್ಟೆ ಕಟ್ಟಿದವರಿಗೂ ಕೊಡುವ ಎಪ್ಸಮ್ ಲವಣ ಕೇಳಲು ಔಷಧದ ಅಂಗಡಿಗೆ ಹೋದಾಗ ಅಲ್ಲಿದ್ದ ಮಲಯಾಳಿ ಹುಡುಗಿ ದನಿ ತಗ್ಗಿಸಿ “ಎಷ್ಟು ದಿನದಿಂದ ಹೋಗಿಲ್ಲ ಸರ್?” ಎಂದು ಕೇಳಿದಳು. ನಾನು “ಬಿಯರಿಗೆ” ಎನ್ನುವುದೋ “ಮೂರು ದಿನದಿಂದ” ಎನ್ನುವುದೋ ತಿಳಿಯದೆ, ಎರಡನೆಯದನ್ನೇ ಆರಿಸಿಕೊಂಡೆ. ಸೂಪರ್ ಮಾರ್ಕೆಟ್ಟಿನಲ್ಲಿ ನೀರಿನ ಬಾಟಲಿಗಳ ಸಾಲಿನ ಮುಂದೆ ಅರ್ಧ ಗಂಟೆ ನಿಂತು ಲೇಬಲ್ಲುಗಳ ಸಣ್ಣ ಅಕ್ಷರಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಾಗ ಕಾವಲಿನವನು ಬಂದು ನನ್ನ ಪಕ್ಕದಲ್ಲಿ ನಿಂತು ತಾನೂ ಲೇಬಲ್ ಓದತೊಡಗಿದ. ಕಚೇರಿ ಕೆಲಸಕ್ಕೆ ನಿಜ್ವಾಕ್ಕೆ ಹೋದಾಗ ಖರ್ಜೂರದ ತೋಟಗಳಿಗೆ ಹರಿಯುವ ಕಾಲುವೆಯಿಂದ ಒಂದು ಕ್ಯಾನು ನೀರು ತಂದೆ. ಪೆನ್ನು ಅದ್ದಿದರೆ ಅಂಕಿ ಏರಿದ್ದೇ ಏರಿದ್ದು. ಬೆಟ್ಟದ ಸುಣ್ಣವೆಲ್ಲ ಅದರಲ್ಲಿತ್ತು. ಅದರಲ್ಲಿ ಮಾಡಿದ್ದು ಸೀಮೆಸುಣ್ಣ ನೆಕ್ಕಿದ ಹಾಗಿತ್ತು.

ಪ್ರತಿ ಸಲವೂ ಡೈರಿಯಲ್ಲಿ ಬರೆದಿದ್ದೇನೆ. ಜಿಪ್ಸಮ್ ಇಷ್ಟು, ಕ್ಯಾಲ್ಸಿಯಂ ಕ್ಲೋರೈಡ್ ಇಷ್ಟು, ನಿಂಬೆ ರಸ ಇಷ್ಟು ಹನಿ, ಕಾಗದದ ಪಟ್ಟಿಯಲ್ಲಿ ಹುಳಿ ಇಷ್ಟು. ಈಗ ಆ ಪುಟಗಳನ್ನು ತಿರುವಿದರೆ ಆ ತಿಂಗಳುಗಳಲ್ಲಿ ಲವೀನಾ ಏನು ಮಾಡುತ್ತಿದ್ದಳು, ಮಗಳು ಯಾವ ಪರೀಕ್ಷೆ ಬರೆದಳು ಎಂಬುದರ ಒಂದು ಸಾಲೂ ಇಲ್ಲ. ಹೆಂಡತಿ, ಮಗಳು, ನೀರು, ಈ ಮೂವರಲ್ಲಿ ನೀರಿನ ಆರೋಗ್ಯ ಮಾತ್ರ ಸವಿಸ್ತಾರವಾಗಿ ದಾಖಲಾಗಿದೆ.

ಐದನೆಯ ಸಲಕ್ಕೆ ಬ್ಯಾರಿಯವರು ಗ್ಲಾಸು ಖಾಲಿ ಮಾಡಿ “ಆಸ್ಪತ್ರೆಯಿಂದ ಬಿಡುಗಡೆ” ಎಂದರು. ಆರನೆಯ ಸಲ ಇನ್ನೊಂದು ಗ್ಲಾಸು ಕೇಳಿದರು. ಆ ದಿನ ಅವರು “ಏನಿಲ್ಲ ತಾನೆ?” ಎಂದು ಕೇಳಲಿಲ್ಲ. ಬೆಳಕಿಗೆ ಹಿಡಿಯಲೂ ಇಲ್ಲ. ನೇರ ಬಿಸ್ಮಿಲ್ಲಾ. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಆಮೇಲೆ ನಡೆದದ್ದರಿಂದಾಗಿ ಈಗ ಹಾಗೆ ಅನಿಸುತ್ತಿದೆಯೋ, ಖಾತ್ರಿಯಿಲ್ಲ.

ಆ ಮೇ ತಿಂಗಳಲ್ಲಿ ಅವರ ಮಗಳಿಗೆ ಊರಲ್ಲಿ ಸಂಬಂಧ ಕೂಡಿಬಂದಿತ್ತು. ಹುಡುಗನ ದೊಡ್ಡಪ್ಪ ಸೊಹಾರಿನಲ್ಲಿದ್ದರು, ಹಿರಿಯರು, ಆ ಮನೆಯಲ್ಲಿ ಅವರ ಮಾತೇ ಮಾತು. ಶುಕ್ರವಾರ ಜುಮಾ ನಮಾಜು ಮುಗಿಸಿ ಮಸ್ಕತ್ತಿನಲ್ಲಿ ಇವರ ಮನೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಯಿತು.

“ಎಲ್ಲರೂ ಕೊಡುವ ಬಣ್ಣದ ನೀರು ಬೇಡ ಪೊರ್ಬುಲೇ. ನಿಮ್ಮದು ನಾಲ್ಕು ಬಾಟಲಿ ಮಾಡಿಕೊಡಿ. ನಮ್ಮದೇ ಅಂಗಡಿಯ ಬಾರ್ಲಿ ಅಂತ ಹೇಳಿಕೊಳ್ಳಬಹುದು.”

ನನಗೆ ಆದ ಸಂತೋಷ ಎಂ.ಎಸ್ಸಿ. ರಿಸಲ್ಟಿನ ದಿನವೂ ಆಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ರಜೆ ಹಾಕಿದೆ. ನೀರು ತೂಗಿದ ಹಾಗೆ ಬಂತು. ಬಾರ್ಲಿ ತನ್ನ ಸಿಹಿಯನ್ನು ಚೆನ್ನಾಗಿ ಬಿಟ್ಟುಕೊಟ್ಟಿತು. ಆದರೆ ಹುಮ್ಮಸ್ಸಿನಲ್ಲಿ ಹೆಚ್ಚು ಹೊತ್ತು ಕುದಿಸಿಬಿಟ್ಟೆ. ಇಳಿಸಿದಾಗ ಪಾಕದಷ್ಟು ದಪ್ಪವಾಗಿತ್ತು, ಅಳತೆಯಲ್ಲಿ ಎರಡು ಲೀಟರು ಕಡಿಮೆ. ನೀರು ಸೇರಿಸಬೇಕು, ತಣ್ಣಗಿನದ್ದಾದರೆ ಬೇಗ ಆರುತ್ತದೆ. ನೀಲಿ ನಲ್ಲಿಯಲ್ಲಿ ಬರುವುದು ಸುಡುವ ನೀರು. ಹಾಗಾಗಿ ಕೈ ತನ್ನಷ್ಟಕ್ಕೆ ಕೆಂಪು ನಲ್ಲಿಗೆ ಹೋಯಿತು. ಮೂರು ವಾರದಿಂದ ಸ್ವಿಚ್ ಆರಿಸಿಟ್ಟ ಗೀಸರಿನಿಂದ ಎರಡು ಲೀಟರು ತಣ್ಣೀರು ಹಿಡಿದೆ. ಅದಕ್ಕೂ ಜಿಪ್ಸಮ್ ಹಾಕಿದೆ. ಅದಕ್ಕೂ ವಿಟಮಿನ್ ಸಿ ಹಾಕಿ, ಅದನ್ನು ಕಾಯುತ್ತಿದ್ದ ಅಷ್ಟಿಷ್ಟು ಕ್ಲೋರಿನ್ನನ್ನೂ ತೆಗೆದೆ. ಪೆನ್ನು ಅದ್ದಿ ನೋಡಿದೆ. ಅಂಕಿ ಅತ್ಯಂತ ಸಮಾಧಾನಕರವಾಗಿತ್ತು. ಪಾತ್ರೆಗೆ ಸುರಿದೆ.

ಕುದಿಸಲಿಲ್ಲ.

ನನ್ನ ಅಜ್ಜಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ವೈನು ಹಾಕುವಾಗ ಭರಣಿಯನ್ನು ಬಿಸಿಲಿಗಿಟ್ಟು, ನೀರನ್ನು ಕುದಿಸಿ ಆರಿಸಿ, ನಮ್ಮನ್ನು ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಮೂರನೆಯ ಕ್ಲಾಸು ಓದಿದ ಹೆಂಗಸು. ನಾನು ಸ್ನಾತಕೋತ್ತರ ಪದವೀಧರ. ನೀರಿನಲ್ಲಿ ಏನೇನು ಕರಗಿದೆ ಎಂದು ನೋಡಿದೆ, ಏನು ಬದುಕಿದೆ ಎಂದು ನೋಡಲಿಲ್ಲ.

ಸಂಜೆ ನಾಲ್ಕು ಬಾಟಲಿ ಮತ್ರಾಕ್ಕೆ ಒಯ್ದು ಕೊಟ್ಟೆ. ಬ್ಯಾರಿಯವರು ಗಿರಾಕಿಗಳ ನಡುವೆ ಇದ್ದರು. ಬಾಟಲಿಗಳನ್ನು ಏಲಕ್ಕಿ ಡಬ್ಬಗಳ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಅವುಗಳ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿದರು. ಇಬ್ಬರೂ ಏನೋ ಮಾತಾಡಿದೆವು. ಒಂದು ಬಾಟಲಿ ನಮ್ಮ ಮನೆಯಲ್ಲೂ ಉಳಿದಿತ್ತು. ಫ್ರಿಜ್ಜಿನಲ್ಲಿ ಲವೀನಾ ಒಂದು ವಾರದ ಅಂಜಲ್ ಮೀನು ತುಂಬಿಸಿದ್ದರಿಂದ ಅದನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟಿದ್ದೆ.

ಶುಕ್ರವಾರ ಹನ್ನೆರಡೂವರೆಗೆ, ಇಲ್ಲಿ ರಜೆಯ ದಿನವೆಂದು ಶುಕ್ರವಾರವೇ ನಡೆಯುವ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು, ಸೆಕೆಗೆ ಒಂದು ಗುಟುಕು ಕುಡಿಯುವಾ ಎಂದು ಆ ಬಾಟಲಿಯ ಮುಚ್ಚಳ ತಿರುಗಿಸಿದೆ. ಹಾವು ಬುಸುಗುಟ್ಟಿದ ಹಾಗೆ ಸದ್ದಾಗಿ ನೊರೆ ನನ್ನ ಮೊಣಕೈ ತನಕ ಹರಿಯಿತು.

ಲವೀನಾ ಓಡಿ ಬಂದಳು. ಮೂಸಿದಳು. ನನ್ನನ್ನು ನೋಡಿದಳು.

“ಯೀಸ್ಟ್ ಹಾಕಿದಿರಾ?”

“ಇಲ್ಲವೇ! ಆಣೆ.”

“ಮತ್ತೆ ಇದು ಎಲ್ಲಿಂದ ಬಂತು?”

ಎಲ್ಲಿಂದ ಎಂದು ಯೋಚಿಸುತ್ತಾ ನನ್ನ ಕಣ್ಣು ಸಿಂಕಿನ ಕೆಂಪು ನಲ್ಲಿಯ ಮೇಲೆ ಹೋಗಿ ನಿಂತಿತು. ಯೀಸ್ಟ್ ಅಂಗಡಿಯಿಂದಲೇ ಬರಬೇಕೆಂದಿಲ್ಲ. ಗಾಳಿಯಲ್ಲಿದೆ, ಬಾರ್ಲಿಯ ಹೊಟ್ಟಿನಲ್ಲಿದೆ, ನಿಂತ ನೀರಿನಲ್ಲಿ ಏನಿಲ್ಲ? ಸಿಹಿ ಪಾಕ, ಮೂರು ದಿನ, ಮೇ ತಿಂಗಳ ಸೆಕೆ. ರುಚಿ ನೋಡಿದೆ. ಅನುಮಾನವೇ ಇಲ್ಲ. ಇಷ್ಟು ತಿಂಗಳು ನಾನು ಕಾಲಿಡದೆ ನಿಂತಿದ್ದ ಹೊಸಿಲನ್ನು ಅದು ತಾನಾಗಿ ದಾಟಿತ್ತು.

“ಬ್ಯಾರಿಯವರ ಮನೆಯಲ್ಲಿ ನಾಲ್ಕು ಬಾಟಲಿ ಇದೆ” ಎಂದೆ.

ಲವೀನಾ ಕುರ್ಚಿಯಲ್ಲಿ ಕೂತಳು. “ಫ್ರಿಜ್ಜಿನಲ್ಲಿಡಿ ಅಂತ ಹೇಳಿದ್ದೀರಲ್ಲ?”

ಹೇಳಿದ್ದೇನೆ. ಹೇಳಿದ ನೆನಪು ಸ್ಪಷ್ಟವಾಗಿತ್ತು: ನಾನು ಏಲಕ್ಕಿ ಡಬ್ಬದ ಮೇಲೆ ಕೈಯಿಟ್ಟು “ಫ್ರಿಜ್ಜಿನಲ್ಲಿಡಿ ಬ್ಯಾರಿಲೇ” ಎಂದದ್ದು, ಅವರು ತಲೆಯಾಡಿಸಿದ್ದು. ಆದರೆ ಅಮ್ಮನ ಬೆರಳೂ ಇಷ್ಟೇ ಸ್ಪಷ್ಟವಾಗಿತ್ತಲ್ಲ. ಓಡಿಹೋಗಿ ಡೈರಿ ತೆಗೆದೆ. ಮಂಗಳವಾರದ ಪುಟದಲ್ಲಿ ಜಿಪ್ಸಮ್ ಇತ್ತು, ಕ್ಯಾಲ್ಸಿಯಂ ಇತ್ತು, ಅಂಕಿಯ ಕೆಳಗೆ ಎರಡು ಗೆರೆ ಎಳೆದಿತ್ತು. ಕೊನೆಯಲ್ಲಿ “ನಾಲ್ಕು ಬಾಟಲಿ ತಲುಪಿಸಿದೆ” ಎಂದಿತ್ತು. ಅಷ್ಟೇ.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಜುಮಾದ ಹೊತ್ತು, ಮಸೀದಿಯಲ್ಲಿ ಫೋನನ್ನು ಸದ್ದಿಲ್ಲದೆ ಮಾಡಿ ಕಿಸೆಯಲ್ಲಿಟ್ಟಿರುತ್ತಾರೆ. ಅವರ ಮನೆಯವರ ನಂಬರು ನನ್ನಲ್ಲಿರಲಿಲ್ಲ. ಸಂದೇಶ ಬರೆಯಹೊರಟೆ. “ಬಾಟಲಿಯಲ್ಲಿ ಮದ್ಯ...” ಎಂದು ಬರೆದು ಅಳಿಸಿದೆ. ಆ ಫೋನು ಯಾರ ಕೈಯಲ್ಲಿರುತ್ತದೋ, ಬೀಗರೇ ಓದಿದರೆ?

“ಬರೆಯುತ್ತಾ ಕೂರಬೇಡಿ, ಹೋಗಿ!” ಎಂದಳು ಲವೀನಾ. ಕಾರಿನ ಕೀಲಿಯನ್ನು ಅವಳೇ ಕೈಗೆ ತುರುಕಿದಳು.

ರೂವಿಯಿಂದ ಮತ್ರಾಕ್ಕೆ ಹತ್ತು ನಿಮಿಷದ ದಾರಿ. ಕಾರು ನಿಲ್ಲಿಸಲು ಅರ್ಧ ಗಂಟೆ ಹಿಡಿಯಿತು. ಸಮುದ್ರ ಬದಿಯ ರಸ್ತೆಯಲ್ಲಿ ಜಾಗವೇ ಇಲ್ಲ. ಕೊನೆಗೆ ಎಲ್ಲೋ ದೂರದಲ್ಲಿ ಒರಗಿಸಿ, ಬಾಗಿಲು ಹಾಕಿದ ಅಂಗಡಿಗಳ ಓಣಿಯಲ್ಲಿ ಓಡಿದೆ. ನಲವತ್ತೇಳು ವರ್ಷದ ಮನುಷ್ಯ, ಇಗರ್ಜಿಗೆ ಹಾಕಿಕೊಂಡು ಹೋದ ಶೂ. ಓಡುತ್ತಾ ನಾನು ಮನಸ್ಸಿನಲ್ಲಿ ಮಾಡುತ್ತಿದ್ದ ಲೆಕ್ಕ ನಾಚಿಕೆಯದು: ಶೇಕಡ ಎಷ್ಟಾಗಿರಬಹುದು? ಒಂದು? ಎರಡು? ಒಂದಾದರೆ ಹೇಳದಿದ್ದರೂ ನಡೆಯುತ್ತದೆಯೇ? ಗೊತ್ತಿಲ್ಲದೆ ಕುಡಿದವರಿಗೆ ಪಾಪವಿಲ್ಲ ಎಂದು ಬ್ಯಾರಿಯವರೇ ಒಮ್ಮೆ ಹೇಳಿದ್ದರಲ್ಲ, ಹಾಗಾದರೆ ತಿಳಿಸುವವನೇ ಪಾಪ ತಂದುಕೊಟ್ಟ ಹಾಗಾಗುವುದಿಲ್ಲವೇ? ಇಷ್ಟು ಚಂದದ ತರ್ಕ ನನಗೆ ಕಚೇರಿಯಲ್ಲಿ ಎಂದೂ ಹೊಳೆದದ್ದಿಲ್ಲ. ಮೆಟ್ಟಿಲ ಬುಡದಲ್ಲಿ ಅಪರಿಚಿತ ಚಪ್ಪಲಿಗಳು ಸಾಲಾಗಿದ್ದವು. ತರ್ಕ ಅಲ್ಲೇ ಬಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಬಿಳಿ ಗಡ್ಡದ ಹಿರಿಯರು ಸೋಫಾದಲ್ಲಿ, ಅವರ ಪಕ್ಕ ಇಬ್ಬರು ಗಂಡಸರು. ಬ್ಯಾರಿಯವರು ಇಸ್ತ್ರಿಯ ಬಿಳಿ ಅಂಗಿಯಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಗ್ಲಾಸುಗಳು. ಗ್ಲಾಸುಗಳ ಮೇಲೆ ಬೆರಳುದ್ದ ನೊರೆ.

“ಬನ್ನಿ ಬನ್ನಿ! ಇವರೇ ನಾನು ಹೇಳಿದ ಪೊರ್ಬು” ಎಂದು ಬೀಗರಿಗೆ ಹೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹಿಗ್ಗಿನಿಂದ ಅಂದರು: “ನೋಡಿದಿರಾ? ಈ ಸಲ ನೊರೆ ಕೂಡ ಬಂದಿದೆ.”

ಹಿರಿಯರು ಅಷ್ಟರಲ್ಲಿ ಒಂದು ಗ್ಲಾಸು ಎತ್ತಿಕೊಂಡಿದ್ದರು.

“ಬ್ಯಾರಿಲೇ, ಅದು ಬೇಡ” ಎಂದೆ. “ಈ ಸಲದ್ದು ನೀರು ಸರಿಯಾಗಲಿಲ್ಲ.”

“ನೀರಿಗೆ ಎಂತ ಆಗ್ತದೆ?” ಹಿರಿಯರು ನಕ್ಕರು. “ನಾನು ಈ ದೇಶಕ್ಕೆ ಬಂದಾಗ ತುಕ್ಕು ಹಿಡಿದ ಟ್ಯಾಂಕರಿನ ನೀರು ಕುಡಿದವ.”

“ಹೊಟ್ಟೆ ಕೆಡಬಹುದು...”

“ಮೂವತ್ತು ವರ್ಷ ಮೆಸ್ಸಿನಲ್ಲಿ ಉಂಡ ಹೊಟ್ಟೆ ಇದು. ನೀವು ಹೆದರಬೇಡಿ.” ಗ್ಲಾಸು ತುಟಿಯ ಕಡೆ ಹೊರಟಿತು.

ಹೇಳಬೇಕಾದ ಶಬ್ದ ಒಂದೇ. ಅದನ್ನು ಆ ಕೋಣೆಯಲ್ಲಿ, ಆ ಜನರ ಎದುರು, ಹೆಣ್ಣು ಕೊಡುವ ತಂದೆಯ ಮನೆಯಲ್ಲಿ ಹೇಳಿದರೆ ಸಂಬಂಧ ಉಳಿಯುತ್ತಿತ್ತೋ ಇಲ್ಲವೋ. ನಾನು ಬ್ಯಾರಿಯವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಬೆವರು ಇಳಿಯುತ್ತಿದ್ದ ನನ್ನ ಮುಖದಲ್ಲಿ ಏನು ಕಂಡರೋ. ಮುಂದಕ್ಕೆ ಬಾಗಿ ಬೀಗರ ಕೈಯಿಂದಲೇ ಗ್ಲಾಸನ್ನು ತೆಗೆದುಕೊಂಡರು. ಅದೇನು ಸಣ್ಣ ಮಾತಲ್ಲ.

“ಪೊರ್ಬು ಎಂ.ಎಸ್ಸಿ. ಓದಿದವರು. ಅವರು ಬೇಡ ಅಂದ್ರೆ ಬೇಡ. ಲಿಂಬೆ ಶರಬತ್ತು ಮಾಡಿಸ್ತೇನೆ, ಐದು ನಿಮಿಷ.”

ಹಿರಿಯರ ಹುಬ್ಬು ಸ್ವಲ್ಪ ಮೇಲೇರಿತು. ಆಮೇಲೆ “ಓದಿದವರ ಸ್ನೇಹ ಇರುವುದು ಒಳ್ಳೆಯದೇ” ಎಂದು ಇಳಿಯಿತು. ನಾನು ಬ್ಯಾರಿಯವರ ಹಿಂದೆ ಒಳಗೆ ಹೋದೆ.

ಅವರು ಗ್ಲಾಸುಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದರು. ಬಾಟಲಿಗಳನ್ನೂ ಸುರಿದರು. ವಾಸನೆ ಮೇಲೆದ್ದು ನಮ್ಮಿಬ್ಬರ ನಡುವೆ ನಿಂತಿತು. ನಲ್ಲಿ ಬಿಟ್ಟು, ಆ ಗ್ಲಾಸುಗಳನ್ನು ಯಾರಿಗೂ ಕೊಡದೆ ತಾವೇ ತೊಳೆಯತೊಡಗಿದರು. ಒಮ್ಮೆ, ಎರಡು ಸಲ, ಮೂರು ಸಲ.

“ಆಗಿಬಿಟ್ಟಿದೆಯಾ?” ತಿರುಗಿ ನೋಡದೆ ಕೇಳಿದರು.

“ಆಗಿದೆ. ಗೀಸರಿನ ನೀರು ಹಾಕಿದೆ, ಕುದಿಸಲಿಲ್ಲ. ಯಾರಾದರೂ ಕುಡಿದರಾ?”

“ಬೀಗರಿಗೆ ಕೊಡುವ ಮೊದಲು ರುಚಿ ನೋಡದೆ ಕೊಡ್ತಾರಾ?” ನಲ್ಲಿ ನಿಲ್ಲಿಸಿದರು. “ನಾನು ಒಂದು ಗುಟುಕು. ಚೆನ್ನಾಗಿತ್ತು ಪೊರ್ಬುಲೇ. ಅದೇ ಬೇಜಾರು.”

ಬೊಗಸೆಯಲ್ಲಿ ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿದರು. ಟವೆಲಿನಲ್ಲಿ ಗಡ್ಡ ಒರೆಸಿಕೊಂಡರು. “ಗೊತ್ತಿಲ್ಲದೆ ಆದದ್ದನ್ನು ನಮ್ಮನ್ನು ಪಡೆದ ದೇವರು ಮಾಫ್ ಮಾಡ್ತಾನೆ. ಗೊತ್ತಿದ್ದವರದ್ದು ಅವರವರಿಗೆ.”

“ಬ್ಯಾರಿಲೇ, ಫ್ರಿಜ್ಜಿನಲ್ಲಿಡಿ ಅಂತ ನಾನು ಹೇಳಿದ್ದೆನಾ?”

ಅವರು ಲಿಂಬೆಹಣ್ಣು ಹುಡುಕುತ್ತಿದ್ದರು.

“ಹೇಳಿದ್ದಿರಿ, ಹೇಳಿದ್ದಿರಿ. ನಾನೇ ಮರೆತೆ. ಈಗ ಹೊರಗೆ ಬನ್ನಿ, ಬಿರಿಯಾನಿ ಆರ್ತದೆ.”

ಎರಡು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆನೇನೋ. ಹಮೀದ್ ಬ್ಯಾರಿಯವರು ಹತ್ತು ವರ್ಷದ ಹಿಂದೆ ಯಾವ ಗಿರಾಕಿ ಎಷ್ಟು ಜೀರಿಗೆ ಒಯ್ದ ಎಂದು ಹೇಳಬಲ್ಲವರು, ಮರೆಯುವವರಲ್ಲ. ಹಾಗೆಂದು ಅತಿಥಿ ಬಂದ ದಿನ ಒಬ್ಬ 'ಪೊರ್ಬು' ತಲೆ ತಗ್ಗಿಸಿ ಬಿರಿಯಾನಿ ಉಣ್ಣುವುದನ್ನು ನೋಡಿಕೊಂಡಿರುವವರೂ ಅಲ್ಲ. ಅವರು ನಡೆದದ್ದನ್ನು ಹೇಳಿದರೋ, ನನಗೆ ಬೇಕಾದದ್ದನ್ನು ಹೇಳಿದರೋ? ಇದನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಸಂಬಂಧವೇನೋ ಗಟ್ಟಿಯಾಯಿತು. ನನಗೆ ಮಾತ್ರ ನೆಮ್ಮದಿಯಿಲ್ಲ. ಮೂರು ವಾರ ಮತ್ರಾದ ಕಡೆ ಮುಖ ಹಾಕಲಿಲ್ಲ. ಕಚೇರಿಯಲ್ಲಿ ಒಂದೇ ಫೈಲನ್ನು ನಾಲ್ಕು ಸಲ ಓದಿದೆ. ಫೋನು ಸದ್ದಾದರೆ ಅವರದೇ ಎಂದು ಎದೆ ಹಾರುತ್ತಿತ್ತು, ಅವರದ್ದಲ್ಲವೆಂದು ಕಂಡರೆ ಇನ್ನಷ್ಟು ಹಾರುತ್ತಿತ್ತು. “ಹೋಗಿ ಒಂದು ಕಿಲೋ ಸಕ್ಕರೆಯಾದರೂ ತನ್ನಿ” ಎಂದು ಲವೀನಾ ದಬ್ಬಿದ ಮೇಲೆ ಒಂದು ಗುರುವಾರ ಸಂಜೆ ಹೋದೆ. ಬ್ಯಾರಿಯವರು ತಲೆಯೆತ್ತಿ ನೋಡಿದರು. ನಾನು ಸಕ್ಕರೆ ಕೇಳಿದೆ. ಅವರು ಎದ್ದುಹೋಗಿ ಬಾರ್ಲಿಯ ಚೀಲದ ಬಾಯಿ ಬಿಚ್ಚಿದರು.

“ಸಕ್ಕರೆ...” ಎಂದೆ.

“ಕೇಳಿತು. ಶನಿವಾರ ಮಧ್ಯಾಹ್ನ ಮನೆಯಲ್ಲಿದ್ದೀರಾ?”

ಶನಿವಾರ ಅವರು ಬಂದರು. ಲವೀನಾಳಿಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟು, ನೇರ ಅಡುಗೆಮನೆಗೆ ಬಂದು, ಒಲೆಯ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂತರು. ನಾನು ಬಾರ್ಲಿ ನೆನೆಸಿದೆ, ಸೋಸಿದೆ, ಒಲೆಯ ಮೇಲಿಟ್ಟೆ. ಒಂದು ಗಂಟೆ ಅವರು ಮಗಳ ಮದುವೆಯ ಮಾತಾಡುತ್ತಾ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. ಕುದಿ ಬಂತು. ಸುತ್ತಲಿಂದ ಗುಳ್ಳೆ ಎದ್ದು ನಡುವೆ ಒಡೆಯತೊಡಗಿತು.

“ಸಾಕಾ?” ಎಂದೆ.

“ಇನ್ನು ಹತ್ತು ನಿಮಿಷ ಇರಲಿ.”

ಹತ್ತು ನಿಮಿಷವಾಯಿತು. ಒಲೆ ಆರಿಸಿದೆ. ಪಾತ್ರೆಯನ್ನು ಇಳಿಸಿ ತಣ್ಣೀರಿನ ಟಬ್ಬಿಗೆ ಇಡಹೋದೆ. ಅವರು ಕೈ ಅಡ್ಡ ಹಿಡಿದರು.

“ಆರುವುದು ಬೇಡ ಪೊರ್ಬುಲೇ. ಬಿಸಿ ಇರುವಾಗಲೇ ಕೊಡಿ.”

ಚಹಾದ ಲೋಟದಲ್ಲಿ ಹೊಯ್ದು ಕೊಟ್ಟೆ. ಹಬೆ ಏಳುತ್ತಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಕಡೆ ನೋಡಿದರು. “ಏನಿಲ್ಲ ತಾನೆ?” ಎಂಬ ಆ ಹಳೆಯ ಪ್ರಶ್ನೆಗಾಗಿ ಕಾದೆ. ಉತ್ತರ ಬಾಯಲ್ಲೇ ಇತ್ತು. ಅವರು ಕೇಳಲಿಲ್ಲ. ಊದಿ ಊದಿ, ನಾಲಗೆ ಸುಟ್ಟುಕೊಳ್ಳುತ್ತಾ, ಲೋಟ ಪೂರ್ತಿ ಮುಗಿಸಿ ಕೆಳಗಿಟ್ಟರು.

“ಸಿಹಿ ಸ್ವಲ್ಪ ಜಾಸ್ತಿ” ಎಂದರು. “ನೀರು ಸರಿ ಉಂಟು.”